ಡಬ್ಬಿಯೊಳಗಿನ ದೇಶಗಳು

ಬೇಸಿಗೆ ರಜೆಗೆ ಬಂದ ತಂಗಿಯ ಮಗಳು ಮೊಬೈಲಿಗೆ ಅಂಟಿಕೊಳ್ಳದಿರಲಿ ಎಂಬ ಒಂದೇ ಉದ್ದೇಶದಿಂದ ನಾನು ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು, ವಿಶ್ವಸಂಸ್ಥೆಯ 193 ಸದಸ್ಯ ದೇಶಗಳ ಹೆಸರನ್ನು ಒಂದೊಂದೇ ಚೀಟಿಯಲ್ಲಿ ಬರೆದು, ಚಕ್ಕುಲಿ ಮುಗಿದಿದ್ದ ಸ್ಟೀಲಿನ ಡಬ್ಬಿಗೆ ತುಂಬಿದೆ. ಕಣ್ಣು ಮುಚ್ಚಿ ಒಂದು ಚೀಟಿ ಎತ್ತಬೇಕು, ಬಂದ ದೇಶದ ರಾಜಧಾನಿಯನ್ನೂ ಗಡಿಗೆ ಹೊಂದಿದ ದೇಶಗಳಷ್ಟನ್ನೂ ಹೇಳಬೇಕು, ಆಮೇಲೆ ಚೀಟಿಯನ್ನು ಮಡಿಚಿ ಮತ್ತೆ ಡಬ್ಬಿಗೇ ಹಾಕಬೇಕು.

ಇದಕ್ಕೂ ಮೊದಲು ಗ್ಲೋಬನ್ನು ಗಿರ್ರನೆ ತಿರುಗಿಸಿ ಬೆರಳಿಡುವ ಆಟವನ್ನು ಆಡಿ ನೋಡಿದ್ದೆವು. ಭೂಮಿಯ ಮೇಲ್ಮೈಯಲ್ಲಿ ಶೇ. 71ರಷ್ಟು ನೀರೇ ಇರುವುದರಿಂದ ಬೆರಳು ಹೆಚ್ಚಾಗಿ ಸಮುದ್ರಪಾಲಾಗುತ್ತಿತ್ತು. ನೆಲ ಮುಟ್ಟಿದರೂ ಅದು ರಷ್ಯಾ, ತಪ್ಪಿದರೆ ಕೆನಡಾ. ಇಪ್ಪತ್ತೊಂದೇ ಚದರ ಕಿಲೋಮೀಟರಿನ ನೌರು ಬೆರಳಿಗೆ ಸಿಗುವುದು ಯಾವ ಕಾಲಕ್ಕೆ? ಡಬ್ಬಿಯಲ್ಲಾದರೆ ರಷ್ಯಾಕ್ಕೂ ಒಂದೇ ಚೀಟಿ, ನೌರುವಿಗೂ ಒಂದೇ ಚೀಟಿ. ವಿಶ್ವಸಂಸ್ಥೆಯ ಮಹಾಸಭೆಯಲ್ಲೂ ಒಂದು ದೇಶಕ್ಕೆ ಒಂದೇ ಮತ. ವೀಟೋದ ವಿಚಾರ ಪಕ್ಕದ ಕೋಣೆಯದು.

ನನ್ನ ಭೂಗೋಳವು ಕ್ರಿಕೆಟ್ ಆಡುವ ದೇಶಗಳಲ್ಲಿ ಮತ್ತು ನೆಂಟರಿರುವ ದೇಶಗಳಲ್ಲಿ ಮುಗಿದುಹೋಗುತ್ತದೆ ಎಂಬುದು ಮೊದಲ ಸಂಜೆಯೇ ಬಯಲಾಯಿತು. ನನಗೆ ಬಂದದ್ದು ಬುರ್ಕಿನಾ ಫಾಸೊ. ನಾನು ಶಾಲೆಯಲ್ಲಿ ಕಂಡ ಅಟ್ಲಾಸಿನಲ್ಲಿ ಅದು ಅಪ್ಪರ್ ವೋಲ್ಟಾ ಆಗಿತ್ತು. 1984ರಲ್ಲಿ ಅದು ಹೆಸರು ಬದಲಿಸಿಕೊಂಡದ್ದನ್ನು ನನಗೆ ಯಾರೂ ಹೇಳಿರಲಿಲ್ಲ. ವಾಗಾಡುಗು ಎಂಬ ರಾಜಧಾನಿಯನ್ನು ನಾಲಿಗೆಗೆ ಒಗ್ಗಿಸಿಕೊಳ್ಳುವುದರಲ್ಲೇ ಕಾಫಿ ಆರಿತು, ಆಮೇಲೆ ಮಾಲಿಯಿಂದ ಘಾನಾದವರೆಗೆ ಆರು ನೆರೆಹೊರೆಯವರು ಬಾಕಿ ಇದ್ದರು. ಅವಳಿಗೆ ಬಂದದ್ದು ಲೆಸೊಥೊ. ದಕ್ಷಿಣ ಆಫ್ರಿಕಾ ಎಂಬ ಉದ್ದಿನವಡೆಯಲ್ಲಿ ಸ್ವಲ್ಪ ಬದಿಗೆ ಸರಿದ ತೂತಿನಂತಿರುವ ಈ ದೇಶಕ್ಕೆ ಸುತ್ತಲೂ ನೆರೆ ಒಂದೇ. "ಮಸೇರು, ದಕ್ಷಿಣ ಆಫ್ರಿಕಾ, ಮುಗೀತು ಮಾಮ!" ಎಂದು ಅವಳು ಅರೆನಿಮಿಷದಲ್ಲಿ ಕೈ ಕೊಡವಿದಳು.

ಮರುದಿನವೂ ಅವಳಿಗೆ ಲೆಸೊಥೊ ಬಂತು. ಎತ್ತಿದ ಚೀಟಿಯನ್ನು ಮತ್ತೆ ಹಾಕುತ್ತ ಹೋದರೆ 17 ಸಲ ಎತ್ತುವಷ್ಟರಲ್ಲಿ ಯಾವುದಾದರೊಂದು ದೇಶ ಮರಳಿ ಬರುವ ಸಂಭವ ಅರ್ಧಕ್ಕಿಂತ ಹೆಚ್ಚೆಂದು ನಾನು ಪೆನ್ಸಿಲು ಹಿಡಿದು ಲೆಕ್ಕ ಮಾಡಿ ತೋರಿಸಿದೆ. ಅವಳು ಬಹಳ ವಿನಯದಿಂದ ಕೇಳಿಸಿಕೊಂಡಳು. ನಾಲ್ಕನೆಯ ಸಲವೂ ಲೆಸೊಥೊ ಬಂದಾಗ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಅಷ್ಟು ಚೀಟಿಗಳ ನಡುವೆ ಒಂದರ ಮೂಲೆ ಮಾತ್ರ ನಾಯಿಕಿವಿಯಂತೆ ಮಡಿಚಿತ್ತು.