ಶಾಲೆ ಶುರುವಾಯ್ತು, ಫೋಟೋ ಹಾಕಿ

ಶಾಲೆ ಶುರುವಾಗುವ ಮೇ 29 ಹತ್ತಿರ ಬಂತು ಅಂದ್ರೆ ನಮ್ಮ ಮನೆಯಲ್ಲಿ ಎರಡು ಕೆಲಸ ಶುರು. ಒಂದು, ಮೊಬೈಲಿನಲ್ಲಿ ಹಳೆ ಫೋಟೋ ಅಳಿಸಿ ಜಾಗ ಮಾಡುವುದು. ಇನ್ನೊಂದು, ಈ ಸಲ ಮಾವಿನ ಸೊಪ್ಪು ಯಾರ ತೋಟದಲ್ಲಿ ಕೇಳೋದು ಅಂತ ಯೋಚನೆ ಮಾಡುವುದು. ನಮ್ಮಾಕೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಒಬ್ಬಳೇ ಟೀಚರ್. ಹಾಗಾಗಿ ಪ್ರಭಾರ ಮುಖ್ಯ ಶಿಕ್ಷಕಿ, ಗುಮಾಸ್ತೆ, ಜವಾನ, ಗಂಟೆ ಹೊಡೆಯುವವಳು ಎಲ್ಲ ಅವಳೇ. ಸಂಬಳವಿಲ್ಲದ ಅಸಿಸ್ಟೆಂಟ್ ನಾನು.

ಶಿಕ್ಷಕರು ಹೊಸ ವರ್ಷಕ್ಕೆ ಸಜ್ಜಾಗಬೇಕು, ಮಕ್ಕಳನ್ನು ಹಬ್ಬದ ವಾತಾವರಣದಲ್ಲಿ ಬರಮಾಡಿಕೊಳ್ಳಬೇಕು ಅಂತ ಈ ಸಲವೂ ಪೇಪರಿನಲ್ಲಿ ಬಂದಿತ್ತು, ನೀವೂ ಓದಿರ್ತೀರಿ. ಹಬ್ಬ ಅಂದ್ಮೇಲೆ ತೋರಣ, ರಂಗೋಲಿ, ಗುಲಾಬಿ, ಪಾಯಸ ಎಲ್ಲ ಇರಬೇಕಲ್ವಾ. ಬಹಳ ಒಳ್ಳೆಯ ವಿಚಾರ. ಒಂದೂವರೆ ತಿಂಗಳು ಕೆರೆಯಲ್ಲಿ ಬಿದ್ದು ಎದ್ದ ಹುಡುಗನ ಕೈಗೆ ಬೆಳಿಗ್ಗೆ ಬೆಳಿಗ್ಗೆ ಗುಲಾಬಿ ಕೊಟ್ಟರೆ ಅವನು ಗಾಬರಿಬಿದ್ದು ಅಳ್ತಾನೆ, ಅದು ಬೇರೆ ಮಾತು.

ಅಳುವ ಫೋಟೋ ನಡೆಯೋದಿಲ್ಲ. ಹೂ ವಾಪಸ್ ಇಸ್ಕೊಂಡು, ಇನ್ನೊಂದು ಸಲ ಕೊಡಬೇಕು. ಫೋಟೋದಲ್ಲಿ ತೋರಣ ಕಾಣಬೇಕು, ಬ್ಯಾನರಿನ ಅಕ್ಷರ ಕಾಣಬೇಕು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಪೂರ್ತಿ ಕಾಣಬೇಕು, ಕೆಳಗೆ ಅಕ್ಷಾಂಶ ರೇಖಾಂಶ ಟೈಮು ಎಲ್ಲ ಬರಬೇಕು. ಮಗು ಕಂಡರೆ ಕಾಣಲಿ. "ರೀ, ಸ್ವಲ್ಪ ಹಿಂದೆ ಹೋಗಿ, ತೋರಣ ಕಟ್ ಆಗ್ತಿದೆ" ಅಂತ ಅವಳು ಹೇಳ್ತಾ ಹೇಳ್ತಾ ನಾನು ಹಿಂದೆ ಹೋಗಿ ಹೋಗಿ ಹೋದ ವರ್ಷ ಚರಂಡಿಗೆ ಕಾಲಿಟ್ಟೆ. ಅಷ್ಟು ಮಾಡಿದ ಮೇಲೆ ನೆಟ್‌ವರ್ಕ್ ಕೈಕೊಟ್ಟು, ಫೋಟೋ ಮೇಲೆ ಜಾಗ ನಮೂದಿಸುವ ಆ್ಯಪ್ ನಮ್ಮ ಶಾಲೆಯನ್ನು ಪಕ್ಕದೂರಿನ ಕೆರೆಯ ಮಧ್ಯೆ ತೋರಿಸಿತು. ಅದನ್ನೇ ಇಲಾಖೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಒಬ್ಬರೂ ಕೇಳಲಿಲ್ಲ. ಕೆರೆ ನಡುವಿನ ಶಾಲೆಗೂ ಮೆಚ್ಚುಗೆಯ ಹೆಬ್ಬೆರಳು ಬಂತು.

ಆ ಗ್ರೂಪಿನಲ್ಲಿ ಆಡುವುದಕ್ಕೆ ಇರುವುದು ಒಂದೇ ಮಾತು. "ಓಕೆ ಸರ್." ಮೇಲಿನಿಂದ ಮೆಸೇಜು ಬಿದ್ದರೆ ಸಾಕು, ಕೆಳಗೆ ಸಾಲಾಗಿ ಓಕೆ ಸರ್, ಓಕೆ ಸರ್. ಅಕ್ಕಿ ದಾಸ್ತಾನು ಪರಿಶೀಲಿಸಿ. ಓಕೆ ಸರ್. ನೀರಿನ ಟ್ಯಾಂಕ್ ತೊಳೆಸಿ. ಓಕೆ ಸರ್. ತೊಳೆಸಿ ಅಂತ ಬರೆದಿರ್ತಾರೆ, ಯಾರ ಕೈಲಿ ಅಂತ ಬರೆದಿರೋದಿಲ್ಲ. ಟ್ಯಾಂಕಿಗೆ ಇಳಿದವನು ನಾನು. ಅಕ್ಕಿಯದ್ದು ಇನ್ನೂ ಚೆಂದ. ಬೇಸಿಗೆ ಪೂರ್ತಿ ಬೀಗ ಹಾಕಿದ್ದ ಮೂಟೆ ಬಿಚ್ಚಿದರೆ ನುಸಿ ಸಂಸಾರ ಸಮೇತ ಎದ್ದು ಬಂತು. ಅಡುಗೆಯಮ್ಮ, ನಮ್ಮಾಕೆ ಇಬ್ಬರೂ ಶಾಲೆ ಜಗುಲಿ ಮೇಲೆ ಹಳೆ ಸೀರೆ ಹಾಸಿ, ಮೊರ ಹಿಡಿದು ಮಧ್ಯಾಹ್ನದವರೆಗೆ ಕೇರಿದರು. ಬಿ.ಎಡ್. ಮಾಡಿದವಳು ಕೇರುವುದರಲ್ಲಿ ಅಡುಗೆಯಮ್ಮನಷ್ಟು ಚುರುಕಿಲ್ಲ. ಇದಕ್ಕೊಂದು ತರಬೇತಿ ಇಟ್ಟರೆ ಒಳ್ಳೆಯದು, ಮೂರು ದಿನದ್ದು, ಆನ್‌ಲೈನಿನಲ್ಲಿ.

ಆಮೇಲೆ ಮಕ್ಕಳ ವಿವರ ತುಂಬುವುದು. ಆಧಾರಿನಲ್ಲಿ ಒಂದು ಹೆಸರು, ದಾಖಲಾತಿ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಕೂಗುವುದು ಇನ್ನೊಂದು. ಇಂಗ್ಲಿಷಿನ ಒಂದಕ್ಷರ ಆಚೀಚೆ ಆದರೂ ಅಪಾರ್ ಐಡಿ, ಅಂದ್ರೆ ಮಗುವಿನ ಓದಿನ ದಾಖಲೆಗೆ ಕೊಡುವ ನಂಬರು, ಆಗೋದಿಲ್ಲ. ನಮ್ಮ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಕೈ ತಲೆ ಮೇಲಿಂದ ಬಳಸಿ ಆ ಕಡೆ ಕಿವಿ ಮುಟ್ಟಿದರೆ ಸೈ. ಹುಟ್ಟಿದ ತಾರೀಖು? ಮೇಷ್ಟ್ರೇ ಬರ್ಕೊಳ್ತಿದ್ದರು, ಜೂನ್ 1. ಅಣ್ಣನಿಗೂ ಜೂನ್ 1, ತಮ್ಮನಿಗೂ ಜೂನ್ 1, ಎದುರುಮನೆ ಹುಡುಗಿಗೂ ಜೂನ್ 1. ಒಂದು ತಲೆಮಾರಿನ ಅರ್ಧ ಊರು ಒಂದೇ ದಿನ ಹುಟ್ಟಿದೆ. ಅದರಲ್ಲಿ ಓದಿ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ, ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ ಅನ್ನುವ ನಿಯಮ. ಹಾಗಾಗಿ ಎಷ್ಟೋ ಮೇಷ್ಟ್ರು ಮೇ 31ಕ್ಕೆ ಮನೆಗೆ. ಶಾಲೆ ಶುರುವಾಗಿ ಎರಡೇ ದಿನಕ್ಕೆ. ಪ್ರಾರಂಭೋತ್ಸವದ ಶಾಮಿಯಾನ ಬಿಚ್ಚಬೇಡ್ರಪ್ಪ, ಬೀಳ್ಕೊಡುಗೆಗೂ ಆಗುತ್ತೆ ಅಂತ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಐವತ್ತೈದು ವರ್ಷ ಹಿಂದೆ ಯಾರೋ ಮೇಷ್ಟ್ರು ಸುಮ್ನೆ ಬರೆದ ತಾರೀಖು ಇವತ್ತು ಒಂದು ಶಾಲೆಯ ಕುರ್ಚಿ ಖಾಲಿ ಮಾಡುತ್ತೆ ಅಂದ್ರೆ, ಶಿಕ್ಷಕರ ಪ್ರಭಾವ ಸಾಮಾನ್ಯದ್ದಲ್ಲ.

ಎಲ್ಲಿದ್ದೆ? ಹಾಂ, ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆಯ ಮಾತು ಉಳೀತು. ಒಂದು ಮೊಟ್ಟೆಗೆ 6 ರೂಪಾಯಿ ಲೆಕ್ಕ. ಅದರೊಳಗೇ ಬೇಯಿಸುವ ಖರ್ಚು, ಅದರೊಳಗೇ ಸುಲಿಯುವವರಿಗೆ 30 ಪೈಸೆ. 30 ಪೈಸೆ! ದೇಶದಲ್ಲಿ ಪೈಸೆಯ ನಾಣ್ಯವೇ ಕಣ್ಣಿಗೆ ಬೀಳುತ್ತಿಲ್ಲ, ಮೊಟ್ಟೆಯ ಸಿಪ್ಪೆಯಲ್ಲಿ ಮಾತ್ರ ಇನ್ನೂ ಉಳಿದಿದೆ. ಅಂಗಡಿಯವನು 7 ಅಂದ ದಿನ ಮಿಕ್ಕಿದ್ದು ನಮ್ಮಾಕೆಯ ಪರ್ಸಿನಿಂದ. ಮಕ್ಕಳು ಮೊಟ್ಟೆ ತಿನ್ನುವುದು ನೋಡಿದರೆ ಆ ದುಡ್ಡಿನ ಬಗ್ಗೆ ಬೇಜಾರಾಗೋದಿಲ್ಲ ಅನ್ನುತ್ತಾಳೆ. ವಾರಕ್ಕೆ ಆರು ದಿನ ಮೊಟ್ಟೆ ಬಂದ ಮೇಲೆ ಹಾಜರಿ ಚೆನ್ನಾಗಿದೆಯಂತೆ. ಅದು ಒಳ್ಳೆಯ ಯೋಜನೆ, ನಾನು ನಗಾಡೋದಿಲ್ಲ. ಲೆಕ್ಕ ಬರೆಯುವುದಕ್ಕೆ ಅವಳೇ ಯಾಕೆ ಅಂತಷ್ಟೇ ನನ್ನ ಪ್ರಶ್ನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತೆ, ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅಂತ. ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟು ಬಿಟ್ಟು. ಆ "ಇಷ್ಟು" ಅನ್ನುವುದರಲ್ಲಿ ಊರೇ ಹಿಡಿಸುತ್ತೆ. 2025ರ ಸೆಪ್ಟೆಂಬರ್ 22ರಿಂದ ಜಾತಿ ಸಮೀಕ್ಷೆ ಅಂತ ಮನೆ ಮನೆ ಸುತ್ತಿದವರು ಯಾರು, ಅದಕ್ಕೋಸ್ಕರ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದದ್ದು ಹೇಗೆ, ನಿಮಗೇ ಗೊತ್ತು. ಇದು ಆ ಮೂರರಲ್ಲಿ ಯಾವುದು ಅಂತ ನಮ್ಮಾಕೆಯನ್ನು ಕೇಳಿದೆ. "ವಿಪತ್ತು" ಅಂದಳು.

ತಮಾಷೆ ಸಾಕು. ಒಂದರಿಂದ ಐದರವರೆಗೆ ಐದು ತರಗತಿ, ಒಬ್ಬಳು. ಒಂದನೇ ಕ್ಲಾಸಿನವರಿಗೆ ಅ ಆ ತಿದ್ದಿಸುವಾಗ ಐದನೇ ಕ್ಲಾಸಿನವರು ಭಾಗಾಕಾರ ತಾವೇ ಕಲಿಯಬೇಕು. ಅತಿಥಿ ಶಿಕ್ಷಕಿ ಒಬ್ಬಳಿದ್ದಳು, ಒಳ್ಳೆಯ ಹುಡುಗಿ, ಲೆಕ್ಕ ಚೆನ್ನಾಗಿ ಹೇಳಿಕೊಡ್ತಿದ್ದಳು. ಏಪ್ರಿಲ್‌ನಲ್ಲಿ ಮನೆಗೆ ಕಳಿಸಿದರು. ಬೇಸಿಗೆಗೆ ಗೌರವಧನ ಇಲ್ಲ. ಈಗ ಪಟ್ಟಣದ ಸೀರೆ ಅಂಗಡಿಯಲ್ಲಿದ್ದಾಳೆ, ಆದೇಶ ಬಂದರೆ ಬರ್ತೀನಿ ಅಂದಿದ್ದಾಳೆ. ಹೊಸ ವರ್ಷಕ್ಕೆ ಸಜ್ಜಾಗಿ ಅಂತ ಆ ಹುಡುಗಿಗೆ ಯಾವ ಮುಖ ಇಟ್ಟುಕೊಂಡು ಹೇಳುತ್ತೀರಿ? ತೋರಣಕ್ಕೆ ಇರುವ ಅವಸರ ಅವಳ ಆದೇಶಕ್ಕೆ ಯಾಕಿಲ್ಲ? ಪಾಠ ಮಾಡೋರೇ ಇಲ್ಲದ ಶಾಲೆಗೆ ಹಬ್ಬ ಮಾಡಿ ಮಕ್ಕಳನ್ನು ಕರೀತೀರಲ್ಲ, ನಾಚಿಕೆ ಆಗೋದಿಲ್ವಾ?

ಮೊನ್ನೆ ರಾತ್ರಿ ಅವಳು ಪಾಠ ಯೋಜನೆ ಬರೆಯಲು ಕೂತಳು. ಪುಸ್ತಕಕ್ಕೆ ರಟ್ಟು ಹಾಕಿದ್ದಾಯ್ತು, ಗೆರೆ ಎಳೆದದ್ದಾಯ್ತು, ಹಿಂದಿನ ಕ್ಲಾಸಿನ ಕಲಿಕೆ ಜೋಡಿಸುವ ಪಾಠಗಳಿಗೆ ಸೇತುಬಂಧ ಅಂತ ಮೇಲೆ ಬರೆದದ್ದಾಯ್ತು. ಹಾಗೇ ನಿದ್ದೆ ಹೋದಳು, ಪೆನ್ನು ಕೈಯಲ್ಲೇ. ಒಂಬತ್ತು ಮುಕ್ಕಾಲಿಗೆ ಮೊಬೈಲು ಮಿಣುಕಿತು. ಪ್ರಾರಂಭೋತ್ಸವದ ಫೋಟೋ ಮಸುಕಾಗಿದೆ, ನಾಳೆ ಹತ್ತು ಗಂಟೆಯೊಳಗೆ ಮತ್ತೆ ತೆಗೆದು ಕಳಿಸಿ.

ಅವಳನ್ನು ಎಬ್ಬಿಸಲಿಲ್ಲ. ನಾನೇ ಟೈಪ್ ಮಾಡಿದೆ. ಓಕೆ ಸರ್.