ಆ ವಿಡಿಯೊದಲ್ಲಿ ಕೇಳಿಸುವ ದನಿ ನನ್ನದು

ಹೋದ ವಾರ ನಮ್ಮ ಚಿಂತಾಮಣಿ ಕ್ರಿಕೆಟ್ ಗ್ರೂಪಿಗೆ ಒಂದು ವಿಡಿಯೊ ಬಂತು. ಅಡುಗೆಮನೆಯಲ್ಲಿ ದೊಡ್ಡಾಳೊಬ್ಬ ಬೆಕ್ಕನ್ನು ಚೆಂಡು ಒದ್ದ ಹಾಗೆ ಒದೆಯುತ್ತಾನೆ. ಆಮೇಲೆ ಮಗು ಎತ್ತಿಕೊಂಡಿದ್ದ ಬೆಕ್ಕಿನ ಮುಖಕ್ಕೆ ಬಾರಿಸುತ್ತಾನೆ. 'ನಿನ್ನೆ ಲಂಡನ್‌ನಲ್ಲಿ ನಡೆದಿದ್ದು, ಎಲ್ಲರಿಗೂ ಶೇರ್ ಮಾಡಿ' ಅಂತ ಕೆಳಗೆ ಬರೆದಿದ್ದರು.

ನಿನ್ನೆಯದೇನೂ ಅಲ್ಲ. 2022ರ ಫೆಬ್ರವರಿಯಲ್ಲಿ ಹೊರಬಂದ ವಿಡಿಯೊ. ಆ ಮನುಷ್ಯ ಕರ್ಟ್ ಝೂಮಾ, ಫ್ರಾನ್ಸಿನ ಫುಟ್‌ಬಾಲ್ ಆಟಗಾರ, ಆಗ ವೆಸ್ಟ್ ಹ್ಯಾಮ್ ಕ್ಲಬ್ಬಿನ ಡಿಫೆಂಡರ್. ಇದನ್ನು ಹೇಳುವಷ್ಟರಲ್ಲಿ ಗ್ರೂಪಿನಲ್ಲಿ ಅವನನ್ನು ಗಲ್ಲಿಗೇರಿಸಿಯಾಗಿತ್ತು. 'ಕಾಲು ಮುರೀಬೇಕು ನನ್ಮಗಂದು', 'ಇಂಥೋರನ್ನ ಬದುಕೋಕೆ ಬಿಡಬಾರದು', ಹೀಗೇ. ನಾನೂ ಕೋಪದ ಮುಖದ್ದೊಂದು ಇಮೋಜಿ ಹಾಕಿದೆ. ಹಾಕಿ, ಫೋನು ಬೋರಲು ಮಲಗಿಸಿ, ಝೆರಾಕ್ಸ್ ಮಿಷನ್ ಹತ್ತಿರ ಹೋಗಿ ಸುಮ್ನೆ ನಿಂತುಕೊಂಡೆ.

ಯಾಕಂದ್ರೆ ನನ್ನ ಫೋನಿನಲ್ಲಿ ಇನ್ನೊಂದು ವಿಡಿಯೊ ಇದೆ. ಇಪ್ಪತ್ತು ಸೆಕೆಂಡ್ ಇರಬಹುದು. ಅದನ್ನು ನಾನು ಅಳಿಸಿಲ್ಲ, ಯಾರಿಗೂ ತೋರಿಸಿಯೂ ಇಲ್ಲ.

ಮೂರು ವರ್ಷದ ಹಿಂದಿನ ಸಂಕ್ರಾಂತಿ. ನಮ್ಮೂರ ಕೆರೆ ಅಂಗಳದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್. (ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಕೆರೆಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಊರುಗಳಲ್ಲಿ ಗ್ರೌಂಡ್ ಹೋಯ್ತು ಅಂತ ಹುಡುಗರು ಅಳ್ತಾರೆ, ಬೋರ್‌ವೆಲ್‌ಗೆ ನೀರು ಬಂತು ಅಂತ ಅಪ್ಪಂದಿರು ನಗ್ತಾರೆ. ನಮ್ಮ ಕೆರೆಯಲ್ಲಿ ಆಗ ಇದ್ದಿದ್ದು ಜಾಲಿ ಮುಳ್ಳು ಮತ್ತು ಒಂದು ಪಿಚ್ ಅಷ್ಟೇ.) ಮೊದಲನೇ ಬಹುಮಾನ 50 ಸಾವಿರ. ಎರಡನೆಯದು 25 ಸಾವಿರ. ಜೊತೆಗೆ ಸರಣಿ ಶ್ರೇಷ್ಠನಿಗೆ ಒಂದು ಟಗರು. ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಶಾಮಿಯಾನದ ಗೂಟಕ್ಕೆ ಅದು ನಿಂತಿತ್ತು. ಮೈಕ್ ಹಿಡಿದವನು ನಾನು. ಕಾಮೆಂಟ್ರಿ ಅಂದ್ರೆ ನಮ್ಮ ಕಡೆ ನನ್ನನ್ನೇ ಕರೆಯೋದು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಸೆಮಿಫೈನಲ್‌ನಲ್ಲಿ ಒಬ್ಬ ಗೆಸ್ಟ್ ಪ್ಲೇಯರ್ ಆಡ್ತಿದ್ದ. ಹೆಸರು ಬೇಡ. ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಗೊತ್ತಿರುವ ಬ್ಯಾಟ್ಸ್‌ಮನ್, ದಿನಕ್ಕಿಷ್ಟು ಅಂತ ದುಡ್ಡು ತಗೊಂಡು ಆಡುವವನು. ಫ್ಲೆಕ್ಸ್‌ನಲ್ಲಿ ಅವನ ಫೋಟೊ ಎಂಎಲ್‌ಎ ಫೋಟೊಗಿಂತ ಒಂಚೂರು ಚಿಕ್ಕದು, ಅಷ್ಟೇ. ಅವತ್ತು ಎರಡು ಬಾಲ್ ಬ್ಯಾಟಿಗೆ ಸಿಗದೆ ಉರಿದುಕೊಂಡು ನಿಂತಿದ್ದ. ಅದೇ ಹೊತ್ತಿಗೆ ಬಜ್ಜಿ ಅಂಗಡಿ ಕಡೆಯಿಂದ ಕಂದು ಬಣ್ಣದ ಹೆಣ್ಣುನಾಯಿಯೊಂದು ಒಳಗೆ ಬಂತು. ಪಿಚ್ ಮೂಸಿತು. ಬಾಲ ಅಲ್ಲಾಡಿಸುತ್ತಾ ನೆಟ್ಟಗೆ ಅವನ ಹತ್ತಿರವೇ ಹೋಯಿತು. ಅವನು ಬ್ಯಾಟ್ ಎತ್ತಿ ಅದರ ಹಿಂಗಾಲಿಗೆ ಬೀಸಿದ.

ಆ ಸದ್ದು ಶಾಮಿಯಾನದ ಕೆಳಗೆ ಕೂತಿದ್ದ ನನಗೂ ಕೇಳಿಸಿತು. ನಾನು ಮೈಕಿನಲ್ಲಿ ಏನಂದೆ ಗೊತ್ತಾ? 'ಅಬ್ಬಬ್ಬಬ್ಬಾ, ಏನ್ ಶಾಟ್ ರೀ ಇದು! ಇಷ್ಟು ದಿನ ಕೌ ಕಾರ್ನರ್ ನೋಡಿದ್ರಿ, ಈಗ ನೋಡಿ ನಾಯಿ ಕಾರ್ನರ್!'

ಕೌ ಕಾರ್ನರ್ ಅಂದ್ರೆ ಕ್ರಿಕೆಟ್ ಮೈದಾನದ ಒಂದು ಮೂಲೆಗಿರುವ ಹೆಸರು. ಜನ ಬಿದ್ದು ಬಿದ್ದು ನಕ್ಕರು. ಸೌಂಡ್ ಸೆಟ್‌ನವನು ಶಿಳ್ಳೆ ಹಾಡು ಬಿಟ್ಟ. ನಾಯಿ ಮೂರು ಕಾಲಲ್ಲಿ ಕೆರೆ ಏರಿ ಕಡೆ ಓಡಿತು. ಮುಂದಿನ ಬಾಲ್ ಡಾಟ್.

ಮಾರನೇ ದಿನ ಅದರ ವಿಡಿಯೊ ಹೊರಗೆ ಹೋಯಿತು. ಯಾರೋ ಸ್ಟೇಟಸ್‌ಗೆ ಹಾಕಿದರು, ಇನ್ಯಾರೋ ಇನ್‌ಸ್ಟಾಗೆ ಹಾಕಿದರು, ಸಂಜೆಗೆ ಬೆಂಗಳೂರಿನವರೆಗೆ ಮುಟ್ಟಿತ್ತು. ಆಮೇಲೆ ನಡೆದದ್ದನ್ನು ನಾನು ಅಂಗಡಿಯಲ್ಲಿ ಕೂತು ಒಂದೊಂದಾಗಿ ಓದಿದೆ. ನಮ್ಮ ಕಡೆಯವರು ಅವನ ಪರ. 'ಒಂದು ಬೀದಿನಾಯಿಗೆ ಇಷ್ಟು ರಂಪಾನಾ?' 'ಹೊಟ್ಟೆಕಿಚ್ಚಿಗೆ ಹಾಕಿರೋದು.' ಆ ಕಡೆಯವರು ಮೊದಲು ಅವನನ್ನು ಬೈದರು, ಆಮೇಲೆ ಅವನ ತಾಯಿಯನ್ನು, ಆಮೇಲೆ ಅವನ ಕೇರಿಯನ್ನು. ಕೇರಿ ಹೆಸರು ಹಿಡಿದು ಬೈದ ಒಬ್ಬರು ನನಗೆ ಗೊತ್ತು. ಅವರಿಗೆ ಪ್ರಾಣಿಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಉಗುಳೋಕೆ ಅವತ್ತು ಜಾಗ ಸಿಕ್ಕಿತು, ಅಷ್ಟೇ.

ಈ ಕೋಪ ನಿಜಕ್ಕೂ ಪ್ರಾಣಿಗಾಗಿಯಾ ಅನ್ನುವ ಪ್ರಶ್ನೆ ಝೂಮಾ ವಿಷಯದಲ್ಲೂ ಬಂದಿತ್ತು. ಅದೇ ಕ್ಲಬ್ಬಿನ ಮಿಖೈಲ್ ಆಂಟೋನಿಯೊ ಟಿವಿಯವರು ಕೇಳಿದಾಗ ವಾಪಸ್ ಕೇಳಿದ, ಇವನು ಮಾಡಿದ್ದು ಜನಾಂಗೀಯ ನಿಂದನೆಗಿಂತ ದೊಡ್ಡ ತಪ್ಪಾ ಅಂತ. ಕಪ್ಪು ಆಟಗಾರರನ್ನು ಬೈದವರ ಕೆಲಸ ಕಳೆಯಿರಿ ಅಂತ ಯಾರೂ ಇಷ್ಟು ಜೋರಾಗಿ ಕೂಗಲ್ವಲ್ಲ ಅನ್ನೋದು ಅವನ ಸಂಕಟ. ಆಗ ಅವನ ಮೇಲೂ ಜನ ಮುಗಿಬಿದ್ದರು. ನನಗಂತೂ ಅವನು ಕೇಳಿದ್ದು ಸರಿ ಅನ್ನಿಸುತ್ತದೆ. ಹಾಗಂತ ಬೆಕ್ಕಿಗೆ ಬಿದ್ದ ಒದೆ ಹಗುರ ಆಗಲ್ಲ. ಎರಡೂ ಮಾತು ಒಟ್ಟಿಗೆ ನಿಲ್ಲುತ್ತವೆ.

ನಮ್ಮ ಗಲಾಟೆಯ ಎರಡನೇ ದಿನ ಬಜ್ಜಿ ಅಂಗಡಿ ಅಕ್ಕ ಆಧಾರ್ ಝೆರಾಕ್ಸ್‌ಗೆ ಬಂದರು. ಕಾರ್ಡು ಕೊಡುವ ಮೊದಲೇ ಕೇಳಿದರು: 'ಏನಪ್ಪಾ, ಮೈಕಲ್ಲಿ ಅಷ್ಟು ಕೂಗಿದ್ಯಲ್ಲ. ಆ ಕುನ್ನಿ ಎಲ್ಲೋಯ್ತು, ನೋಡಿದ್ಯಾ?'

ನಾನು ನೋಡಿರಲಿಲ್ಲ. ಅವನ ಪರ ಇದ್ದವರೂ ನೋಡಿರಲಿಲ್ಲ, ಬೈದವರೂ ನೋಡಿರಲಿಲ್ಲ. ಅಷ್ಟು ಸಾವಿರ ಜನ ಆ ವಿಡಿಯೊ ನೋಡಿದ್ದರಲ್ಲ, ಆ ನಾಯಿ ಈಗ ಎಲ್ಲಿದೆ ಅಂತ ಕೇಳಿದ ಒಂದು ಕಾಮೆಂಟೂ ನನಗೆ ಕಾಣಲಿಲ್ಲ. ಅವತ್ತು ಮತ್ತೆ ಮೇಲಿಂದ ಕೆಳಗೆ ಹುಡುಕಿದೆ. ಒಂದೂ ಇಲ್ಲ.

ಇದೇ ನನ್ನ ತಲೆಗೆ ಹತ್ತಿಕೊಂಡಿರುವ ವಿಷಯ. ಆಟಗಾರನ ಕೆಲಸ ಹೋಯ್ತಾ, ದಂಡ ಎಷ್ಟು, ಕ್ಷಮಿಸಬೇಕಾ ಬೇಡ್ವಾ, ನಮ್ಮ ಮಾತೆಲ್ಲ ಅವನ ಸುತ್ತಲೇ. ಝೂಮಾಗೆ ಕ್ಲಬ್ ಎರಡು ವಾರದ ಸಂಬಳ ಹಿಡಿಯಿತು, ಎರಡೂವರೆ ಲಕ್ಷ ಪೌಂಡ್. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಕೋಟಿ ರೂಪಾಯಿ. ಅಡಿಡಾಸ್ ಕೈಬಿಟ್ಟಿತು. ವಿಡಿಯೊ ಹೊರಬಂದ ಮಾರನೇ ದಿನವೇ ಕೋಚ್ ಅವನನ್ನು ಆಡಿಸಿದ, ಕಾಲಿಗೆ ಚೆಂಡು ಬಂದಾಗೆಲ್ಲ ಸ್ಟೇಡಿಯಂ ಅವನಿಗೆ ಛೀ ಥೂ ಅಂತು. 2023ರಲ್ಲಿ ಅದೇ ಕ್ಲಬ್ಬಿಗೆ ಕ್ಯಾಪ್ಟನ್ ಆದ. ಇದೆಲ್ಲ ಎಲ್ಲರಿಗೂ ಗೊತ್ತು. ಆ ಬೆಕ್ಕುಗಳನ್ನು ಆರ್‌ಎಸ್‌ಪಿಸಿಎ ಅನ್ನುವ ಪ್ರಾಣಿದಯಾ ಸಂಸ್ಥೆ ತನ್ನ ಹತ್ತಿರ ಕರೆದುಕೊಂಡು ಹೋಯಿತು ಅನ್ನೋದು ಎಷ್ಟು ಜನಕ್ಕೆ ಗೊತ್ತು? 2022ರ ಜೂನ್‌ನಲ್ಲಿ ಲಂಡನ್ನಿನ ಕೋರ್ಟು 180 ಗಂಟೆ ಸಮಾಜಸೇವೆ ಹಾಕಿತು, ಜೊತೆಗೆ 5 ವರ್ಷ ಬೆಕ್ಕು ಸಾಕಬಾರದು ಅಂತ ಆದೇಶ. ನನಗೆ ಆ ಎರಡೂವರೆ ಕೋಟಿಗಿಂತ ಈ ಆದೇಶವೇ ದೊಡ್ಡದು ಅನ್ನಿಸುತ್ತದೆ. ಬೆಕ್ಕಿನ ಕಡೆಯಿಂದ ಯೋಚನೆ ಮಾಡಿ ಕೊಟ್ಟಿದ್ದು ಅದೊಂದೇ.

ಇನ್ನೊಂದು ವಿಷಯ. ಆ ವಿಡಿಯೊ ತೆಗೆದವನು ಝೂಮಾನ ತಮ್ಮ, ಯೋನ್. ಅವನೂ ಫುಟ್‌ಬಾಲ್ ಆಟಗಾರ. ಕೋರ್ಟು ಅವನನ್ನೂ ಬಿಡಲಿಲ್ಲ, 140 ಗಂಟೆ ಸಮಾಜಸೇವೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ವಿಡಿಯೊದಲ್ಲಿ ಬ್ಯಾಟ್ ಬೀಸಿದವನ ಮುಖ ಕಾಣುತ್ತದೆ. ನನ್ನದು ದನಿ ಮಾತ್ರ. ಅಷ್ಟು ಬೈಗುಳದಲ್ಲಿ 'ಆ ಕಾಮೆಂಟ್ರಿಯವನು ಯಾವನು' ಅಂತ ಕೇಳಿದವರು ಇಬ್ಬರೋ ಮೂವರೋ. ನಾನು ತಲೆ ತಗ್ಗಿಸಿಕೊಂಡು ತಪ್ಪಿಸಿಕೊಂಡೆ.

ಅಮೆರಿಕದ ಮೈಕೆಲ್ ವಿಕ್ ಕತೆ ನಿಮಗೆ ಗೊತ್ತಿರಬಹುದು. ಅವರ ಫುಟ್‌ಬಾಲಿನ ದೊಡ್ಡ ತಾರೆ. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾದಲ್ಲಿರುವ ಅವನ ಜಾಗಕ್ಕೆ ಪೊಲೀಸರು ನುಗ್ಗಿದಾಗ ಸಿಕ್ಕಿದ್ದು ನಾಯಿ ಕಾಳಗದ ಅಡ್ಡೆ, ಸುಮಾರು 50 ನಾಯಿಗಳು. ಸರಿಯಾಗಿ ಕಚ್ಚಾಡದ ನಾಯಿಗಳನ್ನು ನೇಣು ಹಾಕಿ, ನೀರಲ್ಲಿ ಮುಳುಗಿಸಿ ಕೊಂದಿದ್ದರು. 23 ತಿಂಗಳ ಶಿಕ್ಷೆ ಆಯಿತು. 2009ರಲ್ಲಿ ಹೊರಬಂದು ಫಿಲಡೆಲ್ಫಿಯಾ ಟೀಮಿಗೆ ಆಡಿದ, ಮಾರನೇ ವರ್ಷ ಪುನರಾಗಮನದ ಪ್ರಶಸ್ತಿಯನ್ನೂ ಹೊಡೆದ. ಅವನನ್ನು ಕ್ಷಮಿಸಬೇಕಾ ಅಂತ ಆ ದೇಶ ವರ್ಷಗಟ್ಟಲೆ ಕಿತ್ತಾಡಿತು.

ನನಗೆ ಹಿಡಿಸಿದ್ದು ನಾಯಿಗಳ ಕತೆ. ಕಾಳಗಕ್ಕೆ ಸಾಕಿದ ನಾಯಿಗಳನ್ನು ಹಿಡಿದ ಮೇಲೆ ಸೂಜಿ ಚುಚ್ಚಿ ಸಾಯಿಸೋದೇ ಅಲ್ಲಿಯವರೆಗಿನ ರೂಢಿ. ಇವನ್ನೂ ಸಾಯಿಸಿ ಅಂದವರಲ್ಲಿ ದೊಡ್ಡ ದೊಡ್ಡ ಪ್ರಾಣಿದಯಾ ಸಂಘಗಳೇ ಇದ್ದವು, ನಂಬ್ತೀರಾ? ಕೋರ್ಟು ಆ ಮಾತು ಕೇಳಲಿಲ್ಲ. ಒಂದೊಂದು ನಾಯಿಯನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿತು. ಅವುಗಳ ಆರೈಕೆಗೆ ಅಂತ ವಿಕ್ ಕೈಯಿಂದ 9 ಲಕ್ಷ ಡಾಲರಿಗೂ ಜಾಸ್ತಿ ಕಟ್ಟಿಸಿತು. 22 ನಾಯಿ ಯೂಟಾ ರಾಜ್ಯದ ಒಂದು ಆಶ್ರಯಕ್ಕೆ ಹೋದವು. ಜಾನಿ ಅನ್ನುವ ಒಂದು ನಾಯಿ ಮಕ್ಕಳ ಪಕ್ಕ ಕೂತು, ಅವರು ತೊದಲುತ್ತಾ ಪುಸ್ತಕ ಓದುವುದನ್ನು ಕೇಳುವ ಕೆಲಸಕ್ಕೆ ಸೇರಿತು. ಕಚ್ಚಾಡಿ ಸಾಯಲಿ ಅಂತ ಸಾಕಿದ್ದ ನಾಯಿ ಅದು.

ನಮ್ಮಲ್ಲಿ? ಸಂಕ್ರಾಂತಿ ಬಂದರೆ ಬಾಗೇಪಲ್ಲಿ ಕಡೆ, ಆಂಧ್ರದ ಗಡಿಯಲ್ಲಿ ಕೋಳಿ ಪಂದ್ಯ. ಪೇಪರಿನಲ್ಲಿ ಸುದ್ದಿ ಹೇಗೆ ಬರುತ್ತದೆ ನೋಡಿ: ಇಷ್ಟು ಜನರ ಬಂಧನ, ಇಷ್ಟು ನಗದು, ಇಷ್ಟು ಬೈಕು, ಇಷ್ಟು ಹುಂಜ ವಶ. ಬೈಕಿನ ಪಕ್ಕದಲ್ಲೇ ಹುಂಜ. ಕಾಲಿಗೆ ಚಾಕು ಕಟ್ಟಿಸಿಕೊಂಡಿದ್ದು ಅದು, ಆದರೆ ಕೇಸು ಮುಖ್ಯವಾಗಿ ಜೂಜಿನದು. ಪ್ರಾಣಿಗಳನ್ನು ಕಾಳಗಕ್ಕೆ ಬಿಡಬಾರದು ಅಂತ 1960ರ ಕಾಯ್ದೆಯಲ್ಲಿದೆ. ಮೊದಲನೇ ತಪ್ಪಿಗೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ನನ್ನ ಅಂಗಡಿಯಲ್ಲಿ ಪಹಣಿ ಪ್ರಿಂಟಿಗೆ ಬಂದವರು ಚಿಲ್ಲರೆ ಇಲ್ಲ ಅಂತ ಬಿಟ್ಟು ಹೋಗ್ತಾರಲ್ಲ, ಅಷ್ಟು.

ಹಳೇ ಐಪಿಸಿ ಇನ್ನೂ ವಿಚಿತ್ರ. ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಶಿಕ್ಷೆ ಇತ್ತು, ಆದರೆ ಅದರ ಬೆಲೆ ನೋಡಿ. 10 ರೂಪಾಯಿಯ ಪ್ರಾಣಿಗೆ ಒಂದು ಸೆಕ್ಷನ್, 50 ರೂಪಾಯಿ ಬಾಳುವ ಪ್ರಾಣಿಗೆ ಮುಂದಿನ ಸೆಕ್ಷನ್. ಬಜ್ಜಿ ಅಂಗಡಿ ನಾಯಿಗೆ ಯಾರು ಬೆಲೆ ಕಟ್ಟಬೇಕು? 2024ರ ಜುಲೈನಿಂದ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ ಈ ಬೆಲೆಯ ಮಾತು ಕಿತ್ತು ಹಾಕಿದ್ದಾರೆ. ಯಾವ ಪ್ರಾಣಿಯಾದರೂ ಸರಿ, ಐದು ವರ್ಷದವರೆಗೆ ಜೈಲು ಆಗಬಹುದು. ಒಳ್ಳೆಯ ಕೆಲಸ. ನಮ್ಮ ಕೇಸಿಗೆ ಅದು ಸಿಗುತ್ತಿರಲಿಲ್ಲ, ಕೇಸೇ ಆಗಲಿಲ್ಲ ಬಿಡಿ.

'ಸಂಜೆ ಟಗರು ಕಡಿದು ತಿನ್ನೋರು ನಾಯಿಗೆ ಅಳ್ತೀರಾ' ಅಂತ ಈಗ ಕೆಳಗೆ ಬರೆಯುವವರು ಬರೀತೀರಿ. ಹೌದು, ಆ ಟಗರನ್ನು ಅವತ್ತು ರಾತ್ರಿಯೇ ಕಡಿದರು, ನನಗೂ ಒಂದು ತಟ್ಟೆ ಬಂತು, ತಿಂದೆ. ಅದನ್ನು ಮುಚ್ಚಿಡಲ್ಲ. ಆದರೆ ಟಗರು ಕಡಿಯುವ ನಮ್ಮ ಮಾವನೂ ಕತ್ತಿಯನ್ನು ಚೆನ್ನಾಗಿ ಮಸೆದಿದ್ದಾರಾ ಅಂತ ಮೂರು ಸಲ ಬೆರಳಿಟ್ಟು ನೋಡುತ್ತಾರೆ. ಯಾಕೆ ನೋಡುತ್ತಾರೆ ಅಂತ ನೀವೇ ಅವರನ್ನು ಕೇಳಿ.

ಜನರ ಕೋಪದಿಂದ ಏನೂ ಆಗಲ್ಲ ಅಂತಲೂ ನಾನು ಹೇಳಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಪೆಂಟಾಥ್ಲಾನ್‌ನಲ್ಲಿ (ಕುದುರೆ ಸವಾರಿಯೂ ಸೇರಿ ಐದು ಆಟ ಇದ್ದ ಸ್ಪರ್ಧೆ) ಜರ್ಮನಿಯ ಆಟಗಾರ್ತಿಗೆ ಲಾಟರಿಯಲ್ಲಿ ಸೇಂಟ್ ಬಾಯ್ ಅನ್ನುವ ಕುದುರೆ ಬಂದಿತ್ತು. ಗುರುತು ಪರಿಚಯಕ್ಕೆ ಸಿಕ್ಕಿದ್ದು 20 ನಿಮಿಷ. ಕುದುರೆ ಹೆದರಿ ಮುಂದಕ್ಕೆ ಹೋಗಲಿಲ್ಲ, ಅವಳು ಅಳುತ್ತಾ ಚಾಟಿ ಬೀಸಿದಳು, ಕೋಚ್ ಕುದುರೆಗೆ ಮುಷ್ಟಿಯಿಂದ ಗುದ್ದಿದಳು. ಪ್ರಪಂಚವೆಲ್ಲ ಬೈಯಿತು. ಆದರೆ ಆ ಸಲ ಕುದುರೆಯ ಹೆಸರೂ ಎಲ್ಲರ ಬಾಯಲ್ಲಿತ್ತು. ಕೊನೆಗೆ ಆ ಆಟದಿಂದ ಕುದುರೆ ಸವಾರಿಯನ್ನೇ ತೆಗೆದರು, 2024ರ ಪ್ಯಾರಿಸ್ ಒಲಿಂಪಿಕ್ಸೇ ಕೊನೆ.

ಅಕ್ಕ ಕೇಳಿದ ಸಂಜೆ ನಾನು ಅಂಗಡಿ ಬಾಗಿಲು ಹಾಕಿಕೊಂಡು ಊರಿಗೆ ಹೋದೆ. ಟಾರ್ಚ್ ಹಿಡಿದು ಏರಿ ಉದ್ದಕ್ಕೂ ಹುಡುಕಿದೆ. ಒಣಗಿದ ತೂಬಿನ ಒಳಗೆ ಎರಡು ಕಣ್ಣು ಹೊಳೆದವು. ಹತ್ತಿರ ಹೋದರೆ ಗುರ್ ಅಂತು. 'ಬಾ ಬಾ' ಅಂದೆ, ಇನ್ನೂ ಒಳಕ್ಕೆ ಸರಿಯಿತು. ಕೊನೆಗೆ ಅಕ್ಕನೇ ಬಂದು ಆರಿದ ಬಜ್ಜಿ ತೋರಿಸಿ ಹೊರಗೆ ಕರೆದರು. ಗೋಣಿಚೀಲದ ಮೇಲೆ ಮಲಗಿಸಿ, ಬೆಳಗ್ಗೆ ಲಗೇಜ್ ಆಟೋದಲ್ಲಿ ಪಶು ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಡಾಕ್ಟ್ರು ಬಿದಿರು ದಬ್ಬೆ ಇಟ್ಟು ಕಾಲು ಕಟ್ಟಿದರು. 'ಮೂರು ದಿನ ಎಲ್ಲಿದ್ರಿ?' ಅಂತ ಕೇಳಿದರು. ಫೋನ್ ನೋಡ್ತಾ ಇದ್ದೆ ಅಂತ ಹೇಗೆ ಹೇಳೋದು?

ಕಾಲು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಈಗ ಅಕ್ಕನ ಅಂಗಡಿ ಹಿಂದೆಯೇ ಇದೆ, ಹೆಸರು ರಾಣಿ. ಆಟಗಾರನಿಗೆ ಎರಡು ಟೂರ್ನಮೆಂಟ್‌ನವರು ಕರೆ ಕೊಡಲಿಲ್ಲ, ಮೂರನೆಯವರು ಕೊಟ್ಟರು. ನಾಯಿಗೆ ಔಷಧಿ ನಡೀತಿದೆ ಅಂತ ಯಾರೋ ಹೇಳಿರಬೇಕು, ಒಂದು ರಾತ್ರಿ ಅವನಿಂದ ನನ್ನ ಫೋನ್‌ಪೇಗೆ 1,000 ರೂಪಾಯಿ ಬಂತು. ಮಾತಿಲ್ಲ, ಮೆಸೇಜ್ ಇಲ್ಲ. ಅವನನ್ನು ಬೈದವರು ಯಾರೂ ಒಂದು ರೂಪಾಯಿ ಕಳಿಸಿಲ್ಲ. ಅವರನ್ನು ಯಾರೂ ಕೇಳಿಯೂ ಇಲ್ಲ ಅನ್ನಿ.

ಈ ಸಲದ ಟೂರ್ನಮೆಂಟಿಗೆ ಹೋದ ಭಾನುವಾರ ಕಮಿಟಿ ಕೂತಿತ್ತು. ಮೈಕ್ ಮತ್ತೆ ನನಗೇ ಅಂದರು. ಒಪ್ಪಿಕೊಳ್ಳುವ ಮೊದಲು ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ ಅಂದೆ. ನಕ್ಕರು, ಆದರೂ ಬರೆದುಕೊಂಡರು. ಶಾಮಿಯಾನ, ಸೌಂಡ್ ಸೆಟ್, ಸುಣ್ಣ, ಬಾಲ್ ಎರಡು ಬಾಕ್ಸ್. ಅದರ ಕೆಳಗೆ: ಬೌಂಡರಿ ಹತ್ತಿರ ನಾಯಿ ನೋಡಿಕೊಳ್ಳೋಕೆ ಹುಡುಗರು ಇಬ್ಬರು, ಪಾರ್ಲೆ-ಜಿ 200 ರೂಪಾಯಿ.