ಮೇರಿ ಗಾರ್ಬರ್‌ಗೆ ‘ಮೊದಲ ಮಹಿಳೆ’ ಎಂಬ ಬಿರುದು ಸಾಲದು

ಕ್ರೀಡಾ ಪತ್ರಿಕೋದ್ಯಮಕ್ಕೆ ಬಂದ ಹೆಣ್ಣುಮಕ್ಕಳ ಬಗ್ಗೆ ಏನೇ ಓದಿ, ಕಥೆ ಕೊನೆಗೆ ಬಂದು ನಿಲ್ಲುವುದು ಒಂದೇ ಬಾಗಿಲ ಮುಂದೆ. ಆಟಗಾರರು ಬಟ್ಟೆ ಬದಲಿಸುವ, ಪಂದ್ಯ ಮುಗಿದ ಮೇಲೆ ವರದಿಗಾರರು ಅವರನ್ನು ಮಾತಾಡಿಸುವ ಲಾಕರ್ ರೂಮಿನ ಬಾಗಿಲು. ಒಳಗೆ ಬಿಟ್ಟರೋ ಇಲ್ಲವೋ, ಯಾರು ಹೊರಗೆ ದಬ್ಬಿದರು, ಯಾರು ಮೊದಲು ಕಾಲಿಟ್ಟರು. ಆ ಜಗಳ ಸಣ್ಣದೇನಲ್ಲ, ಅದಕ್ಕೂ ಬರುತ್ತೇನೆ. ಆದರೆ ಅಮೆರಿಕದ ಕ್ರೀಡಾ ವರದಿಗಾರ್ತಿ ಮೇರಿ ಗಾರ್ಬರ್ ವಿಷಯದಲ್ಲಿ ಈ ಬಾಗಿಲೇ ಅವರ ಅಸಲಿ ಕೆಲಸವನ್ನು ಮರೆ ಮಾಡಿಬಿಟ್ಟಿದೆ ಅನ್ನುವುದು ನನ್ನ ತಕರಾರು.

ಹುಟ್ಟಿದ್ದು 1916ರಲ್ಲಿ, ನ್ಯೂಯಾರ್ಕಿನಲ್ಲಿ. ಎಂಟರ ವಯಸ್ಸಿಗೆ ಮನೆಯವರ ಜೊತೆ ನಾರ್ತ್ ಕರೋಲಿನಾದ ವಿನ್‌ಸ್ಟನ್-ಸೇಲಂಗೆ ಬಂದರು. ಸಿಗರೇಟು ಕಾರ್ಖಾನೆಗಳ ಊರು. ಹುಡುಗಿ ಕುಳ್ಳಿ, ದೊಡ್ಡವಳಾದ ಮೇಲೂ ಐದಡಿ ಆಸುಪಾಸು. ಆದರೂ ಅಕ್ಕಪಕ್ಕದ ಹುಡುಗರ ಫುಟ್‌ಬಾಲ್ ತಂಡಕ್ಕೆ ಇವಳೇ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವವಳು. ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಮೈಮೇಲೆ ಬಿದ್ದು ಕೆಡವುವ ಅವರ ಫುಟ್‌ಬಾಲ್. ಕಾಲೇಜು ಮುಗಿಸಿ 1940ರಲ್ಲಿ ‘ಟ್ವಿನ್ ಸಿಟಿ ಸೆಂಟಿನೆಲ್’ ಪತ್ರಿಕೆ ಸೇರಿದಾಗ ಸಿಕ್ಕಿದ್ದು ಸೊಸೈಟಿ ಪುಟ. ಯಾರ ಮನೆಯಲ್ಲಿ ಪಾರ್ಟಿ, ಮದುಮಗಳು ಯಾವ ಗೌನು ತೊಟ್ಟಿದ್ದಳು, ಇಂಥದ್ದು. ಅದು ಅವರಿಗೆ ಒಗ್ಗಲಿಲ್ಲ.

1944ರ ಹೊತ್ತಿಗೆ ಗಂಡಸರೆಲ್ಲ ಯುದ್ಧಕ್ಕೆ ಹೋಗಿ ಕ್ರೀಡಾ ವಿಭಾಗ ಖಾಲಿ. ಬೇರೆ ಗತಿಯಿಲ್ಲದೆ ಆ ಪುಟ ಇವರ ಕೈಗೆ ಬಂತು. ಯುದ್ಧ ಮುಗಿಯಿತು, ಗಂಡಸರು ವಾಪಸಾದರು, ಇವರನ್ನು ಸುದ್ದಿ ವಿಭಾಗಕ್ಕೆ ಕಳಿಸಿದರು. ಅಮೆರಿಕದಲ್ಲಿ ಆಗ ಎಷ್ಟೋ ಹೆಂಗಸರಿಗೆ ಆದದ್ದೇ ಇವರಿಗೂ ಆಯಿತು. ಅದು ಅಲ್ಲಿಗೇ ಮುಗಿಯಲಿಲ್ಲ ಅನ್ನುವುದಷ್ಟೇ ವಿಶೇಷ. 1946ರಲ್ಲಿ ಮತ್ತೆ ಕ್ರೀಡೆಗೆ ಬಂದವರು 1986ರಲ್ಲಿ ನಿವೃತ್ತರಾಗುವ ತನಕ ಕದಲಲಿಲ್ಲ. ಆಮೇಲೂ ಅರೆಕಾಲಿಕವಾಗಿ 2002ರವರೆಗೆ ಬರೆದರು. ಆಗ ವಯಸ್ಸು 86.

ಅವಮಾನಗಳ ಪಟ್ಟಿ ಉದ್ದವಿದೆ, ಒಂದೆರಡು ಸಾಕು. ಡ್ಯೂಕ್ ವಿಶ್ವವಿದ್ಯಾಲಯದ ಪಂದ್ಯಕ್ಕೆ ಹೋದರೆ ಪತ್ರಕರ್ತರು ಕೂರುವ ಪ್ರೆಸ್ ಬಾಕ್ಸಿಗೆ ಹೆಂಗಸರಿಗೆ ಪ್ರವೇಶವಿಲ್ಲ ಅಂದು ಕೋಚ್‌ಗಳ ಹೆಂಡತಿಯರು ಕೂರುವ ಜಾಗಕ್ಕೆ ಕಳಿಸಿದರು. ಸುತ್ತ ಮಕ್ಕಳ ಗಲಾಟೆ, ತೊಡೆಯ ಮೇಲೆ ನೋಟ್‌ಬುಕ್, ತಲೆಯ ಮೇಲೆ ಡೆಡ್‌ಲೈನ್. ಇವರ ಸಂಪಾದಕರು ಸುತ್ತಲಿನ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ನಮ್ಮ ಪತ್ರಿಕೆಯ ಪ್ರತಿನಿಧಿ ಈಕೆ, ಬೇರೆಯವರಿಗೆ ಕೊಡುವ ಸೌಕರ್ಯ ಈಕೆಗೂ ಕೊಡಿ ಅಂತ ಗಟ್ಟಿಯಾಗಿ ಹೇಳಿದ ಮೇಲೆಯೇ ಕುರ್ಚಿ ಸಿಕ್ಕಿದ್ದು. ಆ ಸಂಪಾದಕರ ಹೆಸರನ್ನು ಯಾರೂ ಕೊಂಡಾಡುವುದಿಲ್ಲ. ಆದರೆ ಮೇಲೆ ಕೂತವನೊಬ್ಬ ಪತ್ರ ಬರೆಯದೇ ಹೋಗಿದ್ದರೆ ಎಂಥ ಪ್ರತಿಭೆಯೂ ಹೆಂಡತಿಯರ ಸಾಲಿನಲ್ಲೇ ಕೊಳೆಯುತ್ತಿತ್ತು. ಇನ್ನು ಅಲ್ಲಿನ ಕ್ರೀಡಾ ಬರಹಗಾರರ ಸಂಘ: ಮೊದಲು ಇವರಿಗೆ ಸದಸ್ಯತ್ವವನ್ನೇ ಕೊಡಲಿಲ್ಲ, ಮುಂದೆ ಅದೇ ಸಂಘಕ್ಕೆ ಇವರೇ ಅಧ್ಯಕ್ಷೆಯಾದರು.

ಸಾಮಾನ್ಯವಾಗಿ ಲೇಖನಗಳು ಇಲ್ಲಿಗೆ ಚಪ್ಪಾಳೆ ಹೊಡೆದು ಮುಗಿಯುತ್ತವೆ. ನನಗೆ ಮೇರಿ ಗಾರ್ಬರ್ ಮುಖ್ಯವಾಗುವುದು ಇದರಾಚೆಗೆ.

ಆ ಕಾಲದ ಅಮೆರಿಕದ ದಕ್ಷಿಣ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು. ಬಸ್ಸಿನ ಸೀಟು, ಕುಡಿಯುವ ನೀರಿನ ನಲ್ಲಿ, ಎಲ್ಲವೂ ಬೇರೆ ಬೇರೆ. ಶಾಲೆಗಳಲ್ಲಿ ಈ ಭೇದ ಸಂವಿಧಾನ ವಿರೋಧಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ, ಅದು ನಿಜವಾಗಿ ಜಾರಿಗೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಬಿಳಿಯರ ಒಡೆತನದ ಪತ್ರಿಕೆಗಳಿಗೆ ಕಪ್ಪು ಹುಡುಗರ ಪಂದ್ಯ ಸುದ್ದಿಯೇ ಆಗಿರಲಿಲ್ಲ. ಅಂಥ ದಿನಗಳಲ್ಲಿ ಈ ಪುಟ್ಟ ಬಿಳಿ ಹೆಂಗಸು ನೋಟ್‌ಬುಕ್ ಹಿಡಿದು ಆ ಶಾಲೆಗಳ ಮೈದಾನಕ್ಕೆ ಹೋಗಿ ಕೂತರು. ಕಪ್ಪು ಮಕ್ಕಳ ಆಟ್ಕಿನ್ಸ್ ಹೈಸ್ಕೂಲಿಗೆ ಹೋದರು, ವಿನ್‌ಸ್ಟನ್-ಸೇಲಂ ಟೀಚರ್ಸ್ ಕಾಲೇಜಿಗೆ ಹೋದರು. ಯಾಕೆ ಅಂತ ಕೇಳಿದರೆ ಅವರ ಉತ್ತರದಲ್ಲಿ ಕ್ರಾಂತಿಯ ಮಾತೇ ಇರುತ್ತಿರಲಿಲ್ಲ. ತಮ್ಮ ಮಕ್ಕಳು ಹೇಗೆ ಆಡಿದರು ಅನ್ನುವ ಆಸೆ ಬಿಳಿ ತಂದೆತಾಯಿಗೆ ಎಷ್ಟಿದೆಯೋ ಕಪ್ಪು ತಂದೆತಾಯಿಗೂ ಅಷ್ಟೇ ಇದೆ, ಅಷ್ಟೇ ಅವರ ಲೆಕ್ಕ.

ಟೀಚರ್ಸ್ ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ಕ್ಲಾರೆನ್ಸ್ ಗೇನ್ಸ್. ಆನೆಯಂಥ ಆಳು, ಹಾಗಾಗಿ ‘ಬಿಗ್ ಹೌಸ್’ ಅಂತಲೇ ಕರೆಯುತ್ತಿದ್ದರು. 1946ರಿಂದ 1993ರವರೆಗೆ ಒಂದೇ ಕಾಲೇಜಿನಲ್ಲಿದ್ದು 828 ಪಂದ್ಯ ಗೆಲ್ಲಿಸಿದವರು. 1967ರಲ್ಲಿ ಅರ್ಲ್ ಮನ್ರೋ ಎಂಬ ಅದ್ಭುತ ಆಟಗಾರನಿದ್ದ ಅವರ ತಂಡ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ‘ಕಾಲೇಜ್ ಡಿವಿಷನ್’ ಪ್ರಶಸ್ತಿ ಗೆದ್ದಿತು. ಕಪ್ಪು ಜನರಿಗಾಗಿ ಕಟ್ಟಿದ ಕಾಲೇಜೊಂದು ಬಾಸ್ಕೆಟ್‌ಬಾಲ್‌ನಲ್ಲಿ ಅದನ್ನು ಗೆದ್ದದ್ದು ಅದೇ ಮೊದಲು. ದೇಶದ ಪತ್ರಿಕೆಗಳೆಲ್ಲ ಆಗ ತಿರುಗಿ ನೋಡಿದವು. ಮಿಸ್ ಮೇರಿ ಆ ಹೊತ್ತಿಗೆ ಅದೇ ಜಿಮ್ನೇಷಿಯಮ್ಮಿನ ಬೆಂಚು ಸವೆಸಿ ವರ್ಷಗಳಾಗಿದ್ದವು. ಯಾರಿಗೂ ಬೇಡವಾಗಿದ್ದ ಕಾಲದಲ್ಲೂ ಆಕೆ ನಮ್ಮ ಬಗ್ಗೆ ಬರೆದರು, ಎಲ್ಲರಿಗೂ ನ್ಯಾಯ ಸಿಗಲೆಂದು ವಿಶೇಷವಾಗಿ ಶ್ರಮಪಟ್ಟರು ಅನ್ನುವ ಅರ್ಥದ ಮಾತನ್ನು ಗೇನ್ಸ್ ಮುಂದೆ ಆಡಿದ್ದಾರೆ. ಕ್ರೀಡಾ ವರದಿಗಾರ್ತಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇದೆಯಾ, ನನಗಂತೂ ಕಾಣದು.

ಅವರ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದಿದೆ. ಮಕ್ಕಳು ತಾವೇ ಕಟ್ಟಿದ ಎಂಜಿನ್ ಇಲ್ಲದ ಗಾಡಿಗಳ ರೇಸು. ನೋಡಲು ಬಂದಿದ್ದ ಇಬ್ಬರು ಕಪ್ಪು ಹುಡುಗರಲ್ಲಿ ಒಬ್ಬ ಇನ್ನೊಬ್ಬನಿಗೆ ಇವರನ್ನು ತೋರಿಸಿ ಹೇಳಿದನಂತೆ: ಆಕೆ ಮಿಸ್ ಮೇರಿ ಗಾರ್ಬರ್, ನೀನು ಯಾರಾದರೂ ಆಗಿರು, ಚೆನ್ನಾಗಿ ಮಾಡಿದರೆ ನಿನ್ನ ಬಗ್ಗೆ ಬರೀತಾರೆ.

ಈಗ ನನ್ನ ಭಿನ್ನಾಭಿಪ್ರಾಯಕ್ಕೆ ಬರುತ್ತೇನೆ. ತಮಗಾದ ಅವಮಾನವನ್ನು ಗಾರ್ಬರ್ ಸದ್ದಿಲ್ಲದೆ ನುಂಗಿದರು. 1947ರಲ್ಲಿ ಬಿಳಿಯರ ಬೇಸ್‌ಬಾಲ್ ಲೀಗಿಗೆ ಕಾಲಿಟ್ಟ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬೈಗುಳ ಕೇಳಿಸಿಕೊಂಡೂ ಬಾಯಿ ಮುಚ್ಚಿ ಆಡಿದ್ದನ್ನು ನೋಡಿ, ತಾನೂ ಹಾಗೇ ಇರಬೇಕು ಅಂದುಕೊಂಡರು. ಲಾಕರ್ ರೂಮಿನ ಹೊರಗೆ ನಿಂತು, ಆಟಗಾರರು ಬರುವ ತನಕ ಕಾದು ಬರೆದರು. ಅವರ ಆಯ್ಕೆ, ಅವರ ಕಾಲ, ಗೌರವಿಸೋಣ. ಆದರೆ ಈ ತಾಳ್ಮೆಯನ್ನೇ ಮಾದರಿ ಅಂತ ಎತ್ತಿ ಹಿಡಿದು, ಜಗಳವಾಡಿದ ಹೆಂಗಸರನ್ನು ಗಯ್ಯಾಳಿಗಳು ಅನ್ನುವವರಿದ್ದಾರೆ ನೋಡಿ, ಅವರ ಮಾತು ನಾನು ಒಪ್ಪುವುದಿಲ್ಲ.

ಮೆಲಿಸ್ಸಾ ಲುಡ್ಕೆಗೆ ಜಗಳವಾಡದೆ ಬೇರೆ ದಾರಿ ಇರಲಿಲ್ಲ. ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ, 1977ರಲ್ಲಿ, ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ನ ಈ ವರದಿಗಾರ್ತಿಗೆ ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಲಾಕರ್ ರೂಮಿಗೆ ಪ್ರವೇಶವಿಲ್ಲ ಅಂದರು. ಕೊನೆಯ ಪಂದ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ರೆಜಿ ಜಾಕ್ಸನ್ ಮೂರು ಹೋಮ್ ರನ್ ಹೊಡೆದ ರಾತ್ರಿ, ಗಂಡಸರು ಒಳಗೆ ನಿಂತು ಅವನ ಮಾತು ಬರೆದುಕೊಳ್ಳುತ್ತಿದ್ದರೆ ಈಕೆ ಕಾರಿಡಾರಿನಲ್ಲಿ. ಪಂದ್ಯ ಮುಗಿದ ತಕ್ಷಣದ ಮಾತೇ ವರದಿಯ ಜೀವಾಳ. ಅರ್ಧ ಗಂಟೆ ಕಳೆದರೆ ಆಟಗಾರ ಸ್ನಾನ ಮಾಡಿ ಮನೆ ಸೇರಿರುತ್ತಾನೆ. ಕೇಸು ಹಾಕಿದರು. ಪಂದ್ಯ ನಡೆದ ಯಾಂಕಿ ಸ್ಟೇಡಿಯಂ ನ್ಯೂಯಾರ್ಕ್ ನಗರದ ಆಸ್ತಿ, ಸರ್ಕಾರಿ ಜಾಗದಲ್ಲಿ ಹೆಣ್ಣೆಂಬ ಕಾರಣಕ್ಕೆ ತಡೆಯುವಂತಿಲ್ಲ ಅನ್ನುವುದು ವಾದದ ಬುಡ. 1978ರ ಸೆಪ್ಟೆಂಬರಿನಲ್ಲಿ ಆಕೆಯ ಪರ ತೀರ್ಪು ಕೊಟ್ಟವರು ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ, ಅಮೆರಿಕದ ಫೆಡರಲ್ ಕೋರ್ಟಿನ ಮೊದಲ ಕಪ್ಪು ಮಹಿಳಾ ನ್ಯಾಯಾಧೀಶೆ. ಆಟಗಾರರ ಮಾನದ ಚಿಂತೆ ಇದ್ದವರು ಟವೆಲ್ ಸುತ್ತಿಕೊಂಡರೆ ಆಯಿತಪ್ಪ!

2005ರಲ್ಲಿ ಗಾರ್ಬರ್‌ಗೆ ಅಮೆರಿಕದ ಕ್ರೀಡಾ ಸಂಪಾದಕರ ಅತಿ ದೊಡ್ಡ ಗೌರವವಾದ ರೆಡ್ ಸ್ಮಿತ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಮಹಿಳೆ, ಮತ್ತೆ ಅದೇ ಬಿರುದು. ಮೂರು ವರ್ಷಕ್ಕೆ, 92ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲೇ ಈಗ ಪ್ರಶಸ್ತಿಯೂ ಇದೆ, ಸಂತೋಷ. ನನಗೆ ಮಾತ್ರ ಓದಬೇಕೆನಿಸುವುದು ಪ್ರಶಸ್ತಿ ಪತ್ರಗಳನ್ನಲ್ಲ, ಆಟ್ಕಿನ್ಸ್ ಹೈಸ್ಕೂಲಿನ ಮ್ಯಾಚುಗಳ ಆ ಹಳೆಯ ವರದಿಗಳನ್ನು. ಸ್ಕೋರ್ ಎಷ್ಟಾಯಿತು, ಯಾವ ಹುಡುಗ ಕೊನೆಯ ನಿಮಿಷದಲ್ಲಿ ಚೆಂಡು ಹಾಕಿದ, ಅವನ ಹೆಸರಿನ ಸ್ಪೆಲಿಂಗ್ ಸರಿಯಾಗಿ ಬರೆದಿದ್ದಾರಾ. ಬರೆದೇ ಇರುತ್ತಾರೆ, ಬಿಡಿ.